ಒಂದೇ ಹೊಗೆ

ಬ್ರಹ್ಮಪುರದ ಈ ಮಾಳಿಗೆ ಕೋಣೆಗೆ ಬಾಡಿಗೆ ಬಂದು
ಏಳು ತಿಂಗಳು. ಕಿಟಕಿಯ ಕೆಳಗೆ
ಶಹಾಬಾದಿ ಹಾಸಿನ ಛಾವಣಿ, ನಡುವೆ ಒಂದು ಗವಾಕ್ಷಿ.
ಬೆಳಗಿನ ಜಾವ ಅದರೊಳಗಿಂದ ಏಳುವ ಹೊಗೆ
ಒಂದೇ ಒಂದು ಗುಡ್ಡ, ತುಸು ಎಡಕ್ಕೆ ವಾಲಿದ್ದು.

ಅಂಥದೇ ಗುಡ್ಡ ನನ್ನ ನೋಟ್‌ಬುಕ್ಕಿನಲ್ಲೂ ಇದೆ.
ಹದಿನಾಲ್ಕು ನೂರಾ ಐದರ ಹತ್ತಿರ ಎದ್ದು
ಒಂದು ಮಗ್ಗುಲಿಗೆ ಜಾರಿದ್ದು.
ಲ್ಯಾಂಬ್ಡಾ ಎಂದು ಹೆಸರು, ಬೇರಿಯಾನ್ ಕುಲ.
ಆಯುಷ್ಯ ಕೇಳಬೇಡಿ:
ಸೆಕೆಂಡು ಎಂಬ ಮಾತಿನ ಮೊದಲಕ್ಷರ ನಾಲಿಗೆಗೆ ಬರುವಷ್ಟರಲ್ಲಿ
ಕೋಟಿ ಕೋಟಿ ಕೋಟಿ ಸಲ ಹುಟ್ಟಿ ಸಾಯಬಹುದು.

ಕುಲದ ಕಟ್ಟಳೆಯಂತೆ ಒಳಗೆ ಮೂರೇ ಕ್ವಾರ್ಕು ಇರಬೇಕು.
ಮೂರರ ಲೆಕ್ಕ ಹಾಕಿದರೆ ತೂಕ ಕೂಡುವುದಿಲ್ಲ,
ಇರಬೇಕಾದ್ದಕ್ಕಿಂತ ಹಗುರ.
ಹಾಗಾದರೆ ಐದು: ನಾಲ್ಕು ಕ್ವಾರ್ಕು, ಒಂದು ಪ್ರತಿಕ್ವಾರ್ಕು.
ಐದೇ ಸರಿ. ಆದರೆ ಎಂಥ ಐದು?
ಒಂದೇ ಮುಷ್ಟಿಯೊಳಗೆ ಹಿಡಿದಿಟ್ಟ ಐದೋ,
ಪ್ರೋಟಾನಿನ ಅಂಗಳಕ್ಕೆ ಬಂದ ಕೇಯಾನು
ಕರೆಯದೆ, ಕಳಿಸದೆ,
ಹೊಸ್ತಿಲಲ್ಲೇ ಕೂತುಬಿಟ್ಟಿದ್ದರಿಂದಾದ ಐದೋ?

ಶುಕ್ರವಾರ, ಕರೆಂಟು ಹೋದ ಮೂರನೆಯ ಪೀರಿಯಡ್ಡು.
ವಾಡಿಯಿಂದ ಪ್ಯಾಸೆಂಜರಿಗೆ ಬರುವ ಮಾಣಿಕೇಶ್ವರಿ,
ಚಪ್ಪಲಿಗೆ ಇನ್ನೂ ಸಿಮೆಂಟಿನ ಧೂಳು, ಎದ್ದು ನಿಂತಳು.
"ಮೇಡಂ, ಐದೂ ಮಂದೀದು ಒಂದೇ ಒಲಿ ಏನ್ರಿ?
ಇಲ್ಲಾ, ಒಲಿ ಬ್ಯಾರೆ ಆಗಿ ಒಂದೇ ಮನ್ಯಾಗ ಅದಾರ?"
ಯಾರೋ ಕಿಸಕ್ಕೆಂದರು.
ನಾನು ಚಾಕ್‌ಪೀಸು ಕೆಳಗಿಟ್ಟೆ. ಎರಡು ವರ್ಷ ಓದಿದ
ಯಾವ ಪ್ರಬಂಧವೂ ಇಷ್ಟು ನೆಟ್ಟಗೆ ಕೇಳಿರಲಿಲ್ಲ.

ಕೆಳಮನೆಯಲ್ಲಿರುವವರು ಇಬ್ಬರು ನೆಗೆಣ್ಣಿಯರು,
ಪುತಳಾಬಾಯಿ, ಕಾಶಮ್ಮ.
ಮುಂದಿನ ಓಣಿಯಿಂದ ಬರುವ ಪೇಪರಿನ ಹುಡುಗ ಹೇಳುತ್ತಾನೆ
ಹೊಗೆ ಆರು ದಾಟಿದ ಮೇಲೇ ಜೋರು, ರೊಟ್ಟಿ ಸುಟ್ಟ ವಾಸನೆ.
ಹಿಂದಿನ ಸಂದಿಯಿಂದ ಬರುವ ಹಾಲಿನವನು ಆಣೆ ಮಾಡುತ್ತಾನೆ
ಐದೂವರೆಗೇ ಜೋರು, ಪುಂಡಿಪಲ್ಲೆಯ ಹುಳಿ.
ಹೊಗೆ ಒಂದೇ. ಬಾಗಿಲು ಬದಲಾದರೆ ಶಿಖರ ಸರಿಯುತ್ತದೆ.

ನನ್ನ ಲೆಕ್ಕವೂ ಇದನ್ನೇ ಗೊಣಗುತ್ತಿತ್ತು:
ಕಾಣುವ ಒಂದು ಗುಡ್ಡದ ಹಿಂದೆ
ಕಾಲ್ಪನಿಕ ಸಂಖ್ಯೆಗಳೂ ಓಡಾಡುವ ಬಯಲಿನಲ್ಲಿ
ಹೂತ ಎರಡು ಕಂಬ.
ಒಂದು ಕೇಯಾನಿನ ಕಡೆಯದು, ಹೊಸ್ತಿಲಿಗೆ ಅಂಟಿಕೊಂಡು.
ಇನ್ನೊಂದು ಪೈಯಾನು-ಸಿಗ್ಮಾಗಳ ಕಡೆ, ಮಸುಕು ಮಸುಕು,
ಇಂಥಲ್ಲೇ ಇದೆ ಎಂದು ಗಟ್ಟಿಯಾಗಿ ಹೇಳಲು ಯಾರಿಗೂ ಧೈರ್ಯವಿಲ್ಲ.

ಕೇಳಿಯೇ ಬಿಡೋಣವೆಂದು ಮೆಟ್ಟಿಲಿಳಿದೆ.
"ಎರಡು ಒಲಿ ಅದಾವ್ರಿ," ಎಂದರು ಪುತಳಾಬಾಯಿ,
"ಮಾವ ಸತ್ತ ವರ್ಷನೇ ಬ್ಯಾರೆ ಆದೆವು."
ಗೋಡೆಯಾಚೆಯಿಂದ ಕಾಶಮ್ಮ:
"ಸುಳ್ಳು ಹೇಳ್ತಾಳ್ರಿ. ಒಂದೇ.
ನನ್ನ ಒಲಿಗಿ ನಾ ಎಂದರ ಕಡ್ಡಿ ಕೊರದೀನೇನು, ಕೇಳ್ರಿ ಆಕೀಗಿ."

ಮರುದಿನ ನಿದ್ದೆಗೆಟ್ಟು ಕಾದೆ.
ಕತ್ತಲಲ್ಲಿ, ಸೊಟ್ಟಗಾದ ಹುಟ್ಟಿನ ಮೇಲೆ ಒಂದು ಕೆಂಡ
ಬೂದಿ ಹೊದ್ದುಕೊಂಡು ಅಂಗಳ ದಾಟಿತು.
ತುಸು ಹೊತ್ತಿಗೆ ಅತ್ತಣಿಂದ ಇನ್ನೊಂದು, ಇತ್ತ.
ಮಾತಿಲ್ಲ. ಬಳೆ ಸದ್ದೂ ಇಲ್ಲ.
ಅಂಗಳದ ನಟ್ಟನಡುವೆ ಇದ್ದಾಗ
ಅದು ಯಾರ ಬೆಂಕಿ?

ಸೋಮವಾರ ಬೋರ್ಡಿನ ಮೇಲೆ ಐದು ಚುಕ್ಕಿ ಇಟ್ಟು
ಸುತ್ತ ಗೆರೆ ಎಳೆಯುತ್ತ ಹೋದವಳು
ಒಂದು ಕಡೆ ಕೂಡಿಸದೆ ಕೈ ತೆಗೆದೆ.
"ಇದು ಪರೀಕ್ಷಾಕ ಬರಲ್ಲ ಬಿಡ್ರೇ," ಎಂದಿತು ಹಿಂದಿನ ಬೆಂಚು.
ಮಾಣಿಕೇಶ್ವರಿ ಮಾತ್ರ ತಲೆ ಬಗ್ಗಿಸಿ ಬರಕೊಳ್ಳುತ್ತಿದ್ದಳು,
ಚುಕ್ಕಿ, ಗೆರೆ,
ಆ ಸಂದನ್ನೂ ಅಳತೆ ತಪ್ಪದಂತೆ.